ಗಣಿಯ ಹುಳಿನೀರು: ಹೊಳೆಯ ಕೆಳಗಿನವರನ್ನು ಕೇಳಿದ್ದೀರಾ?

ಕೊಳೆರೋಗಕ್ಕೆ ಮದ್ದು ಬಿಡುವ ನಮಗೆಲ್ಲ ಒಂದು ಪರೀಕ್ಷೆ ಗೊತ್ತು. ಬೋರ್ಡೋ ಕಲಸಿದ ಮೇಲೆ, ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಅದರಲ್ಲಿ ಒಂದು ನಿಮಿಷ ಅದ್ದುವುದು. ಅಲಗಿನ ಮೇಲೆ ಕೆಂಪು ಕೂತರೆ ದ್ರಾವಣ ಇನ್ನೂ ಹುಳಿ ಇದೆ, ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹೊಯ್ದರೆ ಸರಿಹೋಯಿತು. ಒಂದು ಡ್ರಮ್ಮಿನ ಸಮಸ್ಯೆ, ಹತ್ತು ನಿಮಿಷದ ಕೆಲಸ.

ಇದೇ ಹುಳಿ ಒಂದು ಗುಡ್ಡದ ಒಳಗಿನಿಂದ ಹಗಲೂ ರಾತ್ರಿ ಒಸರತೊಡಗಿದರೆ? ಆಗ ಸುಣ್ಣ ಹಾಕುವವರು ಯಾರು? ಎಷ್ಟು ವರ್ಷ?

ಗಣಿ ಅಂದರೆ ನಮ್ಮ ಕಡೆ ಧೂಳು ಮತ್ತು ಹೂಳು. 2005ರ ಕೊನೆಗೆ ನಿಂತ ಕುದುರೆಮುಖದ ಗಣಿಯ ವಿರುದ್ಧ ಎದ್ದ ಕೂಗಿನಲ್ಲೂ ಭದ್ರೆಗೆ ಇಳಿದ ಹೂಳಿನ ಮಾತೇ ದೊಡ್ಡದಾಗಿತ್ತು. ಹೂಳು ಕಣ್ಣಿಗೆ ಕಾಣುತ್ತದೆ. ಆದರೆ ಕೆಲವು ಗಣಿಗಳ ನೀರು ತಿಳಿಯಾಗಿಯೇ ಇರುತ್ತದೆ, ಅದರಲ್ಲಿ ಮೀನು ಮಾತ್ರ ಇರುವುದಿಲ್ಲ. ಇದು ಹೂಳಿಗಿಂತ ಕೆಟ್ಟದ್ದು. ಹೂಳು ಬರುವುದು ಗಣಿ ನಿಂತ ಮೇಲೆ ಕಡಿಮೆಯಾದೀತು. ಹುಳಿನೀರು ಎಷ್ಟೋ ಕಡೆ ಜೋರಾಗುವುದೇ ಗಣಿ ಬಾಗಿಲು ಹಾಕಿದ ಮೇಲೆ.

ಇದರ ಕಾರಣ ಸರಳ. ತಾಮ್ರ, ಸತು, ಚಿನ್ನ, ಕಲ್ಲಿದ್ದಲು ಸಿಗುವ ಹಲವು ಕಡೆ ಕಲ್ಲಿನೊಳಗೆ ಕಬ್ಬಿಣ-ಗಂಧಕ ಸೇರಿದ ಪೈರೈಟ್ ಇರುತ್ತದೆ. ನೆಲದಡಿ ಗಾಳಿ ತಾಗದೆ ಮಲಗಿದ್ದಷ್ಟು ಕಾಲ ಅದರಿಂದ ಉಪದ್ರವಿಲ್ಲ. ಅಗೆದು, ಪುಡಿಮಾಡಿ, ರಾಶಿ ಹಾಕಿದರೆ ಗಾಳಿ, ನೀರು ಎರಡೂ ಸಿಕ್ಕಿ ಗಂಧಕಾಮ್ಲ ಹುಟ್ಟುತ್ತದೆ. ಹುಳಿಯಲ್ಲೇ ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ ಈ ಕೆಲಸವನ್ನು ಹಲವು ಪಟ್ಟು ಚುರುಕು ಮಾಡುತ್ತದೆ. ಆ ಆಮ್ಲ ಕಲ್ಲಿನಲ್ಲಿರುವ ತಾಮ್ರ, ಸತು, ಅಲ್ಯುಮಿನಿಯಂ, ಕೆಲವೆಡೆ ಆರ್ಸೆನಿಕ್ ಕೂಡ ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಒಮ್ಮೆ ಹತ್ತಿಕೊಂಡರೆ ಒಳಗಿನ ಗಂಧಕ ಮುಗಿಯುವವರೆಗೆ ಇದು ತಾನಾಗಿ ನಿಲ್ಲದು.

ಎಷ್ಟು ಕಾಲ ಅಂತ ಕೇಳಿದಿರಾ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಐರನ್ ಮೌಂಟನ್ ಎಂಬ ಹಳೆ ಗಣಿ ಇದೆ. ಅಗೆತ ನಿಂತದ್ದು 1963ರಲ್ಲಿ. ಅಲ್ಲಿಂದ ಒಸರುವ ನೀರನ್ನು ಇಂದಿಗೂ ಸುಣ್ಣ ಹಾಕಿ ಸರಿಮಾಡಿಯೇ ಸ್ಯಾಕ್ರಮೆಂಟೋ ನದಿಯತ್ತ ಬಿಡಬೇಕು. ಗುಡ್ಡದಲ್ಲಿ ಉಳಿದ ಗಂಧಕದ ಲೆಕ್ಕ ಹಾಕಿದವರು ಹೇಳುವುದು ಎರಡೂವರೆಯಿಂದ ಮೂರು ಸಾವಿರ ವರ್ಷ! ಅದಿರು ಮಾರಿದವರು ಉಂಡು ಎದ್ದು ಹೋದರು. ಎಲೆ ತೆಗೆಯುವ ಕೆಲಸ ನೂರು ತಲೆಮಾರಿಗೆ ಉಳಿಯಿತು.

ಹಾಗಾಗಿ ಇದಕ್ಕೆ ಮದ್ದಿಗಿಂತ ಮುಂಜಾಗ್ರತೆಯೇ ದಾರಿ. ಈ ಬುದ್ಧಿ ಗಣಿ ಲೋಕಕ್ಕೂ ಬಂದಿದೆ, ಬಂದದ್ದು ಕೈಸುಟ್ಟ ಮೇಲೆ. ಕೆನಡಾದಲ್ಲಿ ಸರಕಾರ ಮತ್ತು ಗಣಿ ಕಂಪೆನಿಗಳು ಸೇರಿ 1989ರಲ್ಲಿ ಇದಕ್ಕೆಂದೇ 'ಮೆಂಡ್' ಎಂಬ ಸಂಶೋಧನಾ ಕಾರ್ಯಕ್ರಮ ಸುರುಮಾಡಿದವು. 1998ರಲ್ಲಿ ಕೆಲವು ದೊಡ್ಡ ಕಂಪೆನಿಗಳು ಕೂಡಿ 'ಐನ್ಯಾಪ್' ಎಂಬ ಅಂತಾರಾಷ್ಟ್ರೀಯ ಜಾಲ ಕಟ್ಟಿದವು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅಮೆರಿಕ, ಯುರೋಪಿನ ತಜ್ಞರ ಕೂಟಗಳು ಅದರ ಜತೆ ಕೈಸೇರಿಸಿದವು. 2009ರಲ್ಲಿ ಇವರು 'ಗಾರ್ಡ್ ಗೈಡ್' ಎಂಬ ಕೈಪಿಡಿ ಹೊರತಂದರು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು.

ಅದರ ಸಾರ ನಮಗೆ ಅರ್ಥವಾಗದ್ದೇನಲ್ಲ. ಮೊದಲ ಗುದ್ದಲಿ ಬೀಳುವ ಮುಂಚೆಯೇ ಕಲ್ಲಿನ ಪರೀಕ್ಷೆ ಮಾಡಿ: ಹುಳಿ ಹುಟ್ಟಿಸುವ ಅಂಶ ಎಷ್ಟು, ಅದನ್ನು ತಣಿಸುವ ಸುಣ್ಣದ ಅಂಶ ಎಷ್ಟು. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವ ನಮ್ಮ ಲೆಕ್ಕವೇ ಇದು. ಹುಳಿ ಕಲ್ಲನ್ನು ಬೇರೆ ರಾಶಿ ಮಾಡಿ. ಗಾಳಿ ತಾಗದಂತೆ ನೀರಿನಡಿ ಮುಳುಗಿಸಿಡಿ, ಇಲ್ಲವೇ ಮಣ್ಣಿನ ಪದರ ಹೊದೆಸಿ. ಗಣಿ ಮುಚ್ಚುವ ಯೋಜನೆಯನ್ನು ಗಣಿ ತೆರೆಯುವ ಮುಂಚೆಯೇ ಬರೆದಿಡಿ.

ಒಳ್ಳೆಯದು. ದೇಶದೇಶಗಳ ಅನುಭವ ಒಂದು ಕಡೆ ಸೇರಿದ್ದು ಸಣ್ಣ ಕೆಲಸವಲ್ಲ. ಆದರೆ ನನ್ನ ತಕರಾರು ಇರುವುದೂ ಇಲ್ಲೇ. ಈ ಜಾಲ ಕಟ್ಟಿದವರು ಅಗೆಯುವವರು. ಕೈಪಿಡಿ ಸಲಹೆ ಕೊಡುತ್ತದೆ, ಕಡ್ಡಾಯ ಮಾಡುವುದಿಲ್ಲ. ಹುಳಿನೀರು ಬಂದು ಸೇರುವುದು ಕೆಳಗಿನ ಗದ್ದೆ-ತೋಟಕ್ಕೆ. ಅಲ್ಲಿನವನಿಗೆ ಆ ಮೇಜಿನ ಸುತ್ತ ಕುರ್ಚಿ ಎಲ್ಲಿದೆ?

ಎರಡು ಹೊಳೆಗಳ ಕತೆ ನೋಡಿ. ಎರಡೂ ದೇಶದ ಗಡಿ ದಾಟುವಂಥವು.

ಮೊದಲನೆಯದು ಕೆನಡಾದ ಟಾಟ್‌ಶೆನ್‌ಶಿನಿ. ಇದು ಅಲ್ಸೆಕ್ ನದಿ ಸೇರಿ, ಅಮೆರಿಕದ ಅಲಾಸ್ಕದ ಮೂಲಕ ಸಮುದ್ರಕ್ಕೆ ಹೋಗುತ್ತದೆ. ಅದರ ಮೇಲ್ಭಾಗದ ವಿಂಡಿ ಕ್ರ್ಯಾಗಿ ಎಂಬ ಬೆಟ್ಟದಲ್ಲಿ ತಾಮ್ರದ ದೊಡ್ಡ ನಿಕ್ಷೇಪ ಇತ್ತು. ಗಂಧಕವೂ ಧಾರಾಳ. ಗಣಿ ಬಂದರೆ ಹುಳಿನೀರು ಇಳಿದು ಸಾಲ್ಮನ್ ಮೀನು ಹಾಳಾಗುತ್ತದೆಂದು ಗಡಿಯ ಎರಡೂ ಬದಿಯವರು ಕೂಗೆಬ್ಬಿಸಿದರು. 1993ರಲ್ಲಿ ಬ್ರಿಟಿಷ್ ಕೊಲಂಬಿಯ ಸರಕಾರ ಗಣಿ ಯೋಜನೆ ಕೈಬಿಟ್ಟು ಆ ಜಾಗವನ್ನು ರಕ್ಷಿತ ಉದ್ಯಾನ ಮಾಡಿತು. ಮರುವರ್ಷ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕೆಳಗಿನವರ ದನಿ ಮೊದಲೇ ಕೇಳಿಸಿದ್ದರಿಂದ ಹೊಳೆ ಉಳಿಯಿತು.

ಎರಡನೆಯದು ನಮ್ಮದೇ ದೇಶದ್ದು, ಮೇಘಾಲಯದ ಜೈಂತಿಯಾ ಬೆಟ್ಟದ ಲುಖಾ. ಆ ಬೆಟ್ಟದ ತೆಂಕಣ ಇಳಿಜಾರಿನಲ್ಲಿರುವವರು ನಮ್ಮ ಹಾಗೆಯೇ ಅಡಿಕೆ, ವೀಳ್ಯದೆಲೆ ಬೆಳೆಯುವವರು. ಅಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಮನುಷ್ಯ ತೆವಳಿ ಹೋಗುವಂಥ ಇಲಿಬಿಲದ ಗಣಿಗಳು ಸಾವಿರಗಟ್ಟಲೆ. ಅಗೆದು ಬಿಟ್ಟು ಹೋದ ಗುಂಡಿಗಳಿಂದ ಹುಳಿನೀರು ಹರಿದು ಹೊಳೆಗಳಲ್ಲಿ ಮೀನು ಸತ್ತವು. ಗದ್ದೆಯ ಮಣ್ಣು ಕೆಟ್ಟು ಬೇಸಾಯ ಬಿಟ್ಟವರೂ ಇದ್ದಾರೆ. ಚಳಿಗಾಲದಲ್ಲಿ ಲುಖಾ ಕಡು ನೀಲಿಯಾಗುವ ಸುದ್ದಿ ವರ್ಷ ವರ್ಷ ಬಂತು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಗಣಿಯ ಹುಳಿನೀರಿನತ್ತ ಬೊಟ್ಟು ಮಾಡಿತು. ಸಿಮೆಂಟ್ ಕಾರ್ಖಾನೆಗಳ ಪಾಲೂ ಇದೆ ಎಂಬುದು ಊರವರ ದೂರು. 2014ರ ಏಪ್ರಿಲಿನಲ್ಲಿ ಹಸಿರು ನ್ಯಾಯಮಂಡಳಿ ಇಲಿಬಿಲದ ಗಣಿಗೆ ತಡೆ ಹಾಕಿತು. 2019ರ ಜನವರಿಯಲ್ಲಿ ರಾಜ್ಯ ಸರಕಾರ 100 ಕೋಟಿ ರೂಪಾಯಿ ಕಟ್ಟಬೇಕೆಂದಿತು. ಆದರೆ ತಡೆ ಬೀಳುವ ಹೊತ್ತಿಗೆ ಬೆಟ್ಟ ತೂತಾಗಿತ್ತು. ಆದೇಶಕ್ಕೆ ಗಣಿ ನಿಂತೀತು, ಹುಳಿ ನಿಲ್ಲುತ್ತದೆಯೇ?

ಲುಖಾ ಕೆಳಗಿಳಿದು ಬಾಂಗ್ಲಾದೇಶಕ್ಕೆ ಹೋಗುತ್ತದೆ. ಅಲ್ಲಿ ಅದು ಸುರ್ಮಾ ನದಿಗೆ ಸೇರುವ ಹೊಳೆ. ಎರಡು ದೇಶಗಳ ನಡುವೆ 1972ರಿಂದ ಜಂಟಿ ನದಿ ಆಯೋಗ ಇದೆ. ಅದರ ಸುದ್ದಿ ಪೇಪರಿನಲ್ಲಿ ಬರುವುದು ಹೆಚ್ಚಾಗಿ ನೀರು ಎಷ್ಟು ಬಿಡಬೇಕು ಎಂಬ ಜಗಳಕ್ಕೆ. ಎಂಥ ನೀರು ಬಿಡುತ್ತೇವೆ ಅಂತಲೂ ಕೇಳಬೇಡವೇ? ಕಾವೇರಿಯ ವಿಷಯದಲ್ಲಿ ಮೇಲಿನವರಾಗಿ ಮಾತಾಡಿ ಅಭ್ಯಾಸವಾದ ನಮಗೆ ಕೆಳಗಿನವರ ಸಂಕಟ ಬೇಗ ಹೊಳೆಯುವುದಿಲ್ಲ.

2009ರಲ್ಲೇ ಕೈಪಿಡಿ ಬಂದಿತ್ತಲ್ಲ, ಜೈಂತಿಯಾ ಬೆಟ್ಟಕ್ಕೆ ಅದು ಯಾಕೆ ಉಪಯೋಗಕ್ಕೆ ಬರಲಿಲ್ಲ? ಅದು ದೊಡ್ಡ ಕಂಪೆನಿಯ ಎಂಜಿನಿಯರಿಗೆ ಇಂಗ್ಲಿಷಿನಲ್ಲಿ ಬರೆದದ್ದು. ಇಲಿಬಿಲ ಅಗೆಯುವವನಿಗಾಗಲಿ, ಕೆಳಗಿನ ಗದ್ದೆಯವನಿಗಾಗಲಿ ಅಲ್ಲ. ಸಹಕಾರ ಅಂದರೆ ತಜ್ಞರು ತಜ್ಞರಿಗೆ ಬರೆಯುವುದಷ್ಟೇ ಆದರೆ ಸಾಲದು. ಅದು ಜನರ ಭಾಷೆಗೆ ಇಳಿಯಬೇಕು, ಗಡಿ ಹಂಚಿಕೊಂಡ ಸರಕಾರಗಳ ಒಪ್ಪಂದದಲ್ಲಿ ಸೇರಬೇಕು.

ನಮಗೇಕೆ ಈ ಉಸಾಬರಿ ಅನ್ನಬೇಡಿ. ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರ ತೆಗೆದದ್ದು ಗಂಧಕ ಸೇರಿದ ಅದಿರಿನಿಂದಲೇ. ಹಟ್ಟಿಯ ಚಿನ್ನದ ಕಲ್ಲಿನಲ್ಲೂ ಗಂಧಕದ ಖನಿಜಗಳಿವೆ. ನಾಳೆ ಇನ್ನೊಂದು ಗುಡ್ಡದ ಸರದಿ. ಗಣಿಯ ಬಗ್ಗೆ ಅಹವಾಲು ಸಭೆ ನಡೆಯುವಲ್ಲಿ ನಾವು ಉದ್ಯೋಗ, ಪರಿಹಾರ, ರಸ್ತೆ ಮಾತ್ರ ಕೇಳಿ ಎದ್ದು ಬಂದರೆ ತಪ್ಪು ನಮ್ಮದೂ ಹೌದು.

ಮೂರು ಪ್ರಶ್ನೆ ಕೇಳೋಣ. ಕಲ್ಲಿನ ಹುಳಿ ಪರೀಕ್ಷೆ ಮಾಡಿಸಿದ್ದೀರಾ, ವರದಿ ಕನ್ನಡದಲ್ಲಿ ಕೊಡುತ್ತೀರಾ? ಗಣಿ ಮುಚ್ಚಿದ ಮೇಲಿನ ಕೆಲಸಕ್ಕೆ ಹಣ ಈಗಲೇ ಠೇವಣಿ ಇಡುತ್ತೀರಾ? ಹೊಳೆಯ ಕೆಳಗಿನ ಊರುಗಳವರನ್ನು ಈ ಸಭೆಗೆ ಕರೆದಿದ್ದೀರಾ?

ಉತ್ತರ ಬಾರದಿದ್ದರೆ ಒಪ್ಪಿಗೆಯೂ ಬೇಡ. ಬೋರ್ಡೋಗೆ ಸುಣ್ಣ ಕಡಿಮೆಯಾದರೆ ಮತ್ತೆ ಹೊಯ್ಯಬಹುದು. ಗುಡ್ಡಕ್ಕೆ ಹೊಯ್ಯುವಷ್ಟು ಸುಣ್ಣ ಯಾರ ಹತ್ತಿರವೂ ಇಲ್ಲ.