ಹಳೆಯ ಕಾರಿನ ನಡುಕ: ಬಿಡಿಭಾಗ ಬದಲಿಸುವ ಮುನ್ನ

ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ನಾಲ್ಕು ಪಥದ್ದಾದ ಮೇಲೆ ನಮ್ಮ ಸದಸ್ಯರ ಹಳೆಯ ಕಾರುಗಳಿಗೆ ಹೊಸದೊಂದು ಕಾಯಿಲೆ ಅಂಟಿಕೊಂಡಂತಿದೆ. ತೋಟದ ದಾರಿಯಲ್ಲಿ, ಘಾಟಿಯ ತಿರುವುಗಳಲ್ಲಿ ಯಾವ ತಕರಾರೂ ಇಲ್ಲದೆ ಓಡುವ ಗಾಡಿ ಚನ್ನರಾಯಪಟ್ಟಣ ದಾಟಿ ವೇಗ 80 ಕಿಲೋಮೀಟರಿಗೆ ಏರುತ್ತಲೇ ಗಡಗಡ ನಡುಗತೊಡಗುತ್ತದೆ. ನಿಜವಾಗಿ ನೋಡಿದರೆ ಕಾಯಿಲೆ ಹೊಸದಲ್ಲ. 40-50ರ ವೇಗದಲ್ಲಿ ಅದು ಅಡಗಿ ಕುಳಿತಿತ್ತು. ರಸ್ತೆ ನೇರವಾಯಿತು, ಕಾಯಿಲೆ ಹೊರಬಿತ್ತು, ಅಷ್ಟೆ.

ಗೊಬ್ಬರದ ಲೆಕ್ಕಕ್ಕೋ ಮೈಲುತುತ್ತದ ವಿಚಾರಕ್ಕೋ ಸಂಘದ ಕಚೇರಿಗೆ ಬಂದವರು ಈ ಮಾತು ಎತ್ತದ ವಾರವಿಲ್ಲ. ಬೆಳೆಗಾರರ ಪತ್ರಿಕೆಯಲ್ಲಿ ಕಾರಿನ ವಿಚಾರವೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟು: ಗಾಡಿ ರಿಪೇರಿಯ ಬಿಲ್ಲು ಕೊನೆಗೆ ಬೀಳುವುದು ತೋಟದ ಖರ್ಚಿನ ಪುಸ್ತಕದಲ್ಲಿಯೇ. ಆ ಗಾಡಿಯಲ್ಲಿ ಕೂರುವವರು ನಮ್ಮ ಮನೆಯವರೇ.

ಅಡಿಕೆ ಮರದ ಎಲೆ ಹಳದಿಯಾದರೆ ತಿಳಿದ ಬೆಳೆಗಾರ ಕೂಡಲೇ ಗೊಬ್ಬರ ಸುರಿಯುವುದಿಲ್ಲ. ಬಸಿಗಾಲುವೆ ಕಟ್ಟಿ ಬೇರು ನೀರಿನಲ್ಲಿ ನಿಂತಿದೆಯೋ, ಮಣ್ಣಿನಲ್ಲಿ ಪೋಷಕಾಂಶದ ಕೊರತೆಯೋ, ಇಲ್ಲ ಹಳದಿ ಎಲೆ ರೋಗವೇ ಬಂತೋ ಎಂದು ಮೊದಲು ನೋಡುತ್ತಾನೆ. ಲಕ್ಷಣ ಒಂದೇ, ಮದ್ದು ಬೇರೆ ಬೇರೆ. ಅದೇ ಬೆಳೆಗಾರ ಕಾರು ನಡುಗಿದಾಗ ಮಾತ್ರ ಗ್ಯಾರೇಜಿಗೆ ಬಿಟ್ಟು, ‘ನಡುಗುತ್ತೆ, ನೋಡಿ ಸರಿ ಮಾಡಿ’ ಎಂದಷ್ಟೇ ಹೇಳಿ ಬಂದುಬಿಡುತ್ತಾನೆ. ಈ ಮಾತು ಹೇಳಲು ನಮಗೆ ಅಧಿಕಾರವಿದೆ, ಏಕೆಂದರೆ ಹಾಗೆ ಬಂದವರಲ್ಲಿ ನಾವೂ ಒಬ್ಬರು.

ನಮ್ಮದು 1995ರ ಮಾದರಿಯ ಅಂಬಾಸಿಡರ್, ಇಸುಜು ಎಂಜಿನ್ನಿನದು. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಬೆಂಗಳೂರಿಗೆ ಹೊರಟಾಗ 85ರಲ್ಲಿ ನಡುಕ ಶುರುವಾಯಿತು. ಸ್ಟಿಯರಿಂಗು ಹಿಡಿದ ಕೈಗೆ ಹೆಚ್ಚೇನೂ ಗೊತ್ತಾಗುತ್ತಿರಲಿಲ್ಲ, ಸೀಟು ಮಾತ್ರ ಜರಡಿಯಂತೆ ಅಲುಗುತ್ತಿತ್ತು. ನಮ್ಮ ಡ್ರೈವರು ಅಂದೇ ಹೇಳಿದ: ‘ಅಯ್ಯಾ, ಇದು ಹಿಂದಿಂದ ಬರ್ತಾ ಇದೆ. ಒಂದ್ಸಲ ಚಕ್ರ ಬದಲಾಯಿಸಿ ನೋಡಣ.’ ‘ಸುಮ್ಮನಿರು ಮಾರಾಯ, ಗ್ಯಾರೇಜಿನವರು ನೋಡ್ತಾರೆ’ ಎಂದೆವು. ಪದವಿ ಪಡೆದವರ ಜಂಬ ಎಂದೇ ಇದನ್ನು ಕರೆಯಬೇಕು.

ಗ್ಯಾರೇಜಿನಲ್ಲಿ ಮೊದಲು ವೀಲ್ ಅಲೈನ್‌ಮೆಂಟು ಆಯಿತು. ಮುಂದಿನ ಎರಡು ಚಕ್ರಕ್ಕೆ ಬ್ಯಾಲೆನ್ಸಿಂಗ್ ಆಯಿತು, ‘ಹಿಂದಿನದಕ್ಕೆ ಬೇಕಾಗಲ್ಲ ಸಾರ್’ ಎಂದರು. ನಡುಕ ಹೋಗಲಿಲ್ಲ. ಆಮೇಲೆ ಟೈರಾಡ್ ಎಂಡ್, ಅದಾದ ಮೇಲೆ ಶಾಕ್ ಅಬ್ಸಾರ್ಬರು, ಕೊನೆಗೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಮೂರು ಸಲ ಹೋಗಿ ಬಂದು 14,000 ರೂಪಾಯಿ ಕೊಟ್ಟೆವು, ನಡುಕ ಅಲ್ಲಿಯೇ ಇತ್ತು. ಅವರು ಮೋಸ ಮಾಡಿದರೆಂದು ನಾವು ಹೇಳುವುದಿಲ್ಲ. ತೆಗೆದು ಹಾಕಿದ ಭಾಗಗಳೆಲ್ಲ ಸವೆದಿದ್ದವು ನಿಜ. ಆದರೆ 30 ವರ್ಷದ ಗಾಡಿಯಲ್ಲಿ ಸವೆಯದ ಭಾಗ ಯಾವುದಿದೆ? ಸವೆದದ್ದೆಲ್ಲ ನಡುಕಕ್ಕೆ ಕಾರಣವಲ್ಲ. ಆ ಪೇಟೆ ರಸ್ತೆಯಲ್ಲಿ 40ರ ಮೇಲೆ ಓಡಿಸಲು ಜಾಗವಿಲ್ಲ, ಆದ್ದರಿಂದ ಯಾರೂ ಆ ನಡುಕವನ್ನು ಕಣ್ಣಾರೆ ಕಂಡಿರಲೇ ಇಲ್ಲ.

ಮುಂದಿನ ಪ್ರಯಾಣದಲ್ಲಿ ಹಿರೀಸಾವೆಯ ಬಳಿ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರು ನಮ್ಮನ್ನು ಕೇಳದೆಯೇ ಜಾಕಿ ಹಾಕಿ ಹಿಂದಿನ ಎಡ ಚಕ್ರ ಬಿಚ್ಚಿ ಸ್ಟೆಪ್ನಿ ಏರಿಸಿದ. ಅಲ್ಲಿಂದ ಮುಂದೆ ಕಾರು 90ರಲ್ಲಿ ಹೂವಿನಂತೆ ಹೋಯಿತು. ಬಿಚ್ಚಿದ ಟೈರನ್ನು ಮನೆಗೆ ತಂದು ಕೈಯಿಂದ ಸವರಿ ನೋಡಿದರೆ ಒಂದು ಗೇಣಿನಷ್ಟು ಜಾಗ ಉಬ್ಬಿತ್ತು. ರಬ್ಬರಿನ ಒಳಗಿನ ಉಕ್ಕಿನ ತಂತಿಯ ಪಟ್ಟಿ ಬಿಟ್ಟುಕೊಂಡಿತ್ತು. ಅಂಥ ಟೈರು ಓಡುತ್ತಿರುವಾಗಲೇ ಹರಿದು ಹೋಗಬಹುದು. ಅದರ ಮೇಲೆ ನಾವು ಮನೆಯವರನ್ನು ಕೂರಿಸಿಕೊಂಡು ಎರಡು ಸಲ ಬೆಂಗಳೂರಿಗೆ ಹೋಗಿ ಬಂದಿದ್ದೆವು.

ಈಗ ವಿಷಯಕ್ಕೆ ಬರೋಣ. ಹೆದ್ದಾರಿಯ ವೇಗದಲ್ಲಿ ಮಾತ್ರ ಕಾಣುವ ನಡುಕಕ್ಕೆ ಮೊದಲು ಗುಮಾನಿ ಪಡಬೇಕಾದದ್ದು ಚಕ್ರ ಮತ್ತು ಟೈರನ್ನು. ಒಂದು ಲೆಕ್ಕ ನೋಡಿ. ಅಂಬಾಸಿಡರಿನ ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 2 ಮೀಟರು ಮುಂದೆ ಹೋಗುತ್ತದೆ. 90 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 25 ಮೀಟರು, ಅಂದರೆ ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ತೂಕ ಹೆಚ್ಚಿದ್ದರೂ ಸಾಕು, ಆ ವೇಗದಲ್ಲಿ ಅದು ಮೂರೂವರೆ ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಸುತ್ತುಸುತ್ತಿಗೂ ಜಗ್ಗುತ್ತದೆ. 45ರ ವೇಗದಲ್ಲಿ ಅದೇ ಬಲ ಒಂದು ಕಿಲೋಗೂ ಕಡಿಮೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಘಾಟಿಯಲ್ಲಿ ಸುಮ್ಮನಿದ್ದ ಗಾಡಿ ಹೆದ್ದಾರಿಯಲ್ಲಿ ಕುಣಿಯುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕಡೆ 30 ಗ್ರಾಂ ಎಲ್ಲಿಂದ ಬರುತ್ತದೆ ಎಂದು ಕೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೋಟದ ಕೆಸರು ರಿಮ್ಮಿನ ಒಳಮೈಗೆ ಮೆತ್ತಿ ಒಣಗಿ ಗಾರೆಯಂತಾಗುತ್ತದೆ. ಹೊರಗಿನಿಂದ ಕಾರು ತೊಳೆದರೆ ಅದು ಹೋಗುವುದಿಲ್ಲ. ಚಕ್ರ ಬಿಚ್ಚಿ ಒಳಗಡೆ ಕೆರೆದು ತೊಳೆದರೆ ಎಷ್ಟೋ ನಡುಕಗಳು ಬಿಡಿಗಾಸಿನ ಖರ್ಚಿಲ್ಲದೆ ಮಾಯವಾಗುತ್ತವೆ. ಕೆಸರು ಇದ್ದಂತೆಯೇ ಬ್ಯಾಲೆನ್ಸಿಂಗ್ ಮಾಡಿಸಿದರೆ, ಅದು ಉದುರಿದ ದಿನ ನಡುಕ ಮತ್ತೆ ಹಾಜರು. ಮಳೆಯ ಎರಡು ಮೂರು ತಿಂಗಳು ಶೆಡ್ಡಿನಲ್ಲಿ ನಿಂತೇ ಇದ್ದ ಕಾರಿನ ಟೈರು ನೆಲಕ್ಕೆ ಊರಿದ ಕಡೆ ಚಪ್ಪಟೆಯಾಗುವುದೂ ಉಂಟು. ಹತ್ತಿಪ್ಪತ್ತು ಕಿಲೋಮೀಟರು ಓಡಿ ಟೈರು ಬಿಸಿಯಾದ ಮೇಲೂ ಸರಿಹೋಗದಿದ್ದರೆ ಅದು ಬೇರೆಯದೇ ತೊಂದರೆ.

ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಅದರಿಂದ ನೇರವಾಗಿ ನಡುಕ ಬರುವುದು ಅಪರೂಪ.

ಗಾಡಿ ಬಿಡುವ ಮುನ್ನ ನೀವೇ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಕೈಯಲ್ಲಿ ಸ್ಟಿಯರಿಂಗು ಅದುರಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ನೆಲ ಅದುರಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟು. ಬ್ರೇಕು ಒತ್ತಿದಾಗ ಮಾತ್ರ ಬಂದರೆ ಡಿಸ್ಕು ಅಥವಾ ಡ್ರಮ್ಮು ನೋಡಿಸಿ, ಟೈರಿಗೆ ದುಡ್ಡು ಹಾಕಬೇಡಿ. ಆಕ್ಸಿಲರೇಟರು ಒತ್ತಿದಾಗ ಹೆಚ್ಚಿ, ಬಿಟ್ಟಾಗ ಕಡಿಮೆಯಾದರೆ ಮಾರುತಿ 800ರಂಥ ಮುಂಚಕ್ರ ಎಳೆಯುವ ಕಾರುಗಳಲ್ಲಿ ಆಕ್ಸಲಿನ ಒಳಜಾಯಿಂಟು, ಅಂಬಾಸಿಡರು ಜಿಪ್ಸಿಗಳಲ್ಲಿ ಶಾಫ್ಟಿನ ಕ್ರಾಸು. ಶಾಫ್ಟು ಚಕ್ರಕ್ಕಿಂತ ನಾಲ್ಕು ಪಟ್ಟು, ಅದಕ್ಕೂ ತುಸು ಹೆಚ್ಚು ವೇಗದಲ್ಲಿ ತಿರುಗುವುದರಿಂದ ಅದರ ನಡುಕ ಸಣ್ಣಗೆ ಜುಮ್ಮೆನ್ನುತ್ತದೆ, ಚಕ್ರದ್ದು ದಪ್ಪಗೆ ಕುಟ್ಟಿದಂತಿರುತ್ತದೆ. ಇನ್ನು, ಹಿಂದೆ ಯಾವ ಗಾಡಿಯೂ ಇಲ್ಲದ ಸಮತಟ್ಟು ರಸ್ತೆಯಲ್ಲಿ ನಡುಗುವ ವೇಗಕ್ಕೆ ಬಂದು ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ನೋಡಿ. ನಡುಕ ಅಲ್ಲಿಗೇ ನಿಂತರೆ ಎಂಜಿನ್, ಅದರ ಮೌಂಟಿಂಗು, ಕ್ಲಚ್ಚು ಅಥವಾ ಮೇಲೆ ಹೇಳಿದ ಜಾಯಿಂಟುಗಳ ಕಡೆ ನೋಡಬೇಕು. ಮುಂದುವರಿದರೆ ಚಕ್ರ, ಇಲ್ಲವೆ ಶಾಫ್ಟು. ಎಂಜಿನ್ ಮಾತ್ರ ಆಫ್ ಮಾಡಬಾರದು. ಬ್ರೇಕಿನ ಸಹಾಯ ತಪ್ಪಿಹೋಗುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗೇ ಬಿಗಿದುಕೊಳ್ಳಬಹುದು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ನಮ್ಮ ಡ್ರೈವರು ಹೇಳಿದ್ದೇ. ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ. ನಡುಕ ಸೀಟಿನಿಂದ ಸ್ಟಿಯರಿಂಗಿಗೆ ಬಂದರೆ ಚಕ್ರವೇ ಅಪರಾಧಿ, ಬೇರೆ ಸಾಕ್ಷಿ ಬೇಡ. ಹಾಕುವಾಗ ಹಬ್ಬಿನ ಮುಖದ ತುಕ್ಕು ಉಜ್ಜಿ ತೆಗೆಯಿರಿ, ಬೋಲ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಿರಿ. ಓರೆಯಾಗಿ ಕೂತ ಒಳ್ಳೆಯ ಚಕ್ರವೂ ನಡುಗುತ್ತದೆ. ಜಾಕಿಯ ಮೇಲಿದ್ದಾಗಲೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ಬೇರಿಂಗಿನ ಸಡಿಲ ನೋಡಿ. ಮುಂದಿನ ಚಕ್ರವಾದರೆ ಎಡ ಬಲ ಹಿಡಿದು ಸ್ಟಿಯರಿಂಗಿನ ಕೀಲುಗಳನ್ನೂ ನೋಡಿ.

ಹಳೆಯ ಕಾರು ಮಾರಿಬಿಡಿ ಎಂದು ಮಕ್ಕಳು ಹೇಳುತ್ತಾರೆ. ಅದು ಅವರವರ ಇಷ್ಟ. ಇಟ್ಟುಕೊಳ್ಳುವವರು, 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ಮಾಡಿಸುವ ನೋಂದಣಿ ನವೀಕರಣವನ್ನೇ ಗಾಡಿಯ ಆರೋಗ್ಯಕ್ಕೆ ಸರ್ಟಿಫಿಕೇಟೆಂದು ನಂಬಬಾರದು. ಗ್ಯಾರೇಜಿಗೆ ಹೋಗುವಾಗ ಎಷ್ಟು ವೇಗದಲ್ಲಿ, ಎಲ್ಲಿ, ಯಾವಾಗ ನಡುಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೇ ಕರೆದೊಯ್ಯಿರಿ. ದಿನವೂ ಗಾಡಿ ಓಡಿಸುವ ಡ್ರೈವರನ್ನು ಮೊದಲು ಕೇಳಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಒತ್ತಿರುತ್ತವೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ಕಡಿಮೆ ಓಡುವ ತೋಟದ ಕಾರುಗಳಲ್ಲಿ ಗ್ರಿಪ್ಪು ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗುತ್ತದೆ. ಉಬ್ಬಿದ ನಮ್ಮ ಟೈರಿಗೆ ಒಂಬತ್ತು ವರ್ಷವಾಗಿತ್ತು, ಗ್ರಿಪ್ಪು ಅರ್ಧಕ್ಕರ್ಧ ಉಳಿದಿತ್ತು. ನೋಡುವಾಗ ಸ್ಟೆಪ್ನಿಯನ್ನು ಬಿಡಬೇಡಿ. ಅಂದು ನಾವು ನಿಶ್ಚಿಂತೆಯಿಂದ ಬೆಂಗಳೂರು ಮುಟ್ಟಿದ ಆ ಸ್ಟೆಪ್ನಿ, ಬಿಚ್ಚಿ ತಂದ ಟೈರಿಗಿಂತ ಎರಡು ವರ್ಷ ಹಳೆಯದಾಗಿತ್ತು.