ಒಂದೇ ಸೆನ್ಸರ್, ಎರಡು ಮಾರ್ಗ: ವಿವರಣಾ ನಮೂನೆಗೆ ಏಕಿಷ್ಟು ಮಹತ್ವ?

ಸರಕು ಒಂದೇ, ಅದು ಸಾಗುವ ಮಾರ್ಗ ಮಾತ್ರ ಎರಡು ಎಂಬ ಸಂಗತಿ ವ್ಯಾಪಾರಸ್ಥರಿಗೆ ಹೊಸದಲ್ಲ. ತಾರಿಹಾಳದಲ್ಲಿ ತಯಾರಾದ ವಾಲ್ವ್ ಗದಗಿಗೆ ಹೋದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಕಾಣಿಸಿಕೊಳ್ಳುತ್ತವೆ. ಅದೇ ವಾಲ್ವ್ ಕೊಲ್ಹಾಪುರಕ್ಕೆ ಹೋದರೆ ಐಜಿಎಸ್‌ಟಿ ಬರುತ್ತದೆ. ಆದರೆ ವಾಲ್ವಿನ ಹೆಸರಾಗಲಿ, ಎಚ್‌ಎಸ್‌ಎನ್ ಸಂಖ್ಯೆಯಾಗಲಿ ಬದಲಾಗುವುದಿಲ್ಲ. ಮಾರ್ಗಕ್ಕೊಂದು ಹೆಸರಿಟ್ಟು ದಾಸ್ತಾನು ಪುಸ್ತಕ ಬರೆಯುವ ಗುಮಾಸ್ತನನ್ನು ಯಾವ ಮಾಲೀಕನೂ ಒಪ್ಪಲಾರ. ಆದರೆ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಸಣ್ಣ ಉದ್ಯಮಗಳಲ್ಲಿ ಇಂಥದೇ ತಪ್ಪು ನಡೆದರೆ ಅದು ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. ಅದರ ನಷ್ಟ ಬಹಳ ತಡವಾಗಿ ಲೆಕ್ಕಪತ್ರಕ್ಕೆ ಬರುತ್ತದೆ.

ಗೋದಾಮಿಗೆ ಬಂದ ಸೆನ್ಸರ್

ನವಲಗುಂದ ಮತ್ತು ಅಣ್ಣಿಗೇರಿಯ ಎರೆಭೂಮಿಯ ಹೆಸರು, ಕಡಲೆ, ಹತ್ತಿ, ಕುಂದಗೋಳದ ಒಣಮೆಣಸಿನಕಾಯಿ, ಮಲೆನಾಡಿನ ಸೆರಗಿನ ಕಲಘಟಗಿಯ ಭತ್ತ, ಗೋವಿನಜೋಳ ಇವೆಲ್ಲವುಗಳಿಗೂ ಸಂಗ್ರಹದಲ್ಲಿ ತೇವಾಂಶವೇ ದೊಡ್ಡ ಶತ್ರು. ಮೆಣಸಿನಕಾಯಿಯಲ್ಲಿ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಪೇಟೆಯಲ್ಲಿ ದರ ಕುಸಿಯುತ್ತದೆ. ಗೋದಾಮಿನ ಉಷ್ಣತೆ ಮತ್ತು ಆರ್ದ್ರತೆಯನ್ನು ಅಳೆದು ತೋರಿಸುವ ಪೆಟ್ಟಿಗೆಗಳಿಗೆ ಆದ್ದರಿಂದಲೇ ಬೇಡಿಕೆ ಇದೆ. ಧಾರವಾಡದ ಕೋಟೂರ-ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕಾ ಸಮುಚ್ಚಯಕ್ಕೆ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅನುಮೋದನೆ ನೀಡಿದ ಮೇಲೆ, ಈ ಭಾಗದ ಉದ್ಯಮಿಗಳು ಇಂಥ ಉತ್ಪನ್ನಗಳತ್ತ ನೋಡುವುದು ಸಹಜವೇ ಆಗಿದೆ.

ಇಂಥ ಪೆಟ್ಟಿಗೆಗಳಲ್ಲಿ ಬಳಕೆಯಾಗುವ ಸೆನ್ಸರುಗಳಲ್ಲಿ ಬಾಷ್ ಸಂಸ್ಥೆಯ ಬಿಎಂಇ-280 ಒಂದು. ಉಷ್ಣತೆ, ಆರ್ದ್ರತೆ, ವಾಯುಭಾರ ಮೂರನ್ನೂ ಅಳೆಯುವ ಈ ಪುಟ್ಟ ಬಿಡಿಭಾಗವನ್ನು ಎರಡು ಬಗೆಯ ಬಸ್‌ಗಳಿಗೆ ಜೋಡಿಸಬಹುದು. ಬಸ್ ಎಂದರೆ ಇಲ್ಲಿ ವಾಹನವಲ್ಲ, ಬಿಡಿಭಾಗಗಳ ನಡುವೆ ಮಾಹಿತಿ ಸಾಗುವ ತಂತಿಮಾರ್ಗ. ಮೊದಲನೆಯದು 1982ರಲ್ಲಿ ಫಿಲಿಪ್ಸ್ ರೂಪಿಸಿದ ಐ-ಟು-ಸಿ. ಇದರಲ್ಲಿ ಎರಡೇ ತಂತಿಗಳು. ಒಂದೇ ಓಣಿಯ ಮನೆಗಳಂತೆ ಪ್ರತಿ ಬಿಡಿಭಾಗಕ್ಕೂ ಒಂದು ವಿಳಾಸ ಸಂಖ್ಯೆ ಇರುತ್ತದೆ. ಎರಡನೆಯದು ಮೊಟೊರೋಲಾ ರೂಪಿಸಿದ ಎಸ್‌ಪಿಐ. ಇದರಲ್ಲಿ ಸಾಮಾನ್ಯವಾಗಿ ನಾಲ್ಕು ತಂತಿಗಳು. ವಿಳಾಸದ ಬದಲು ಪ್ರತಿ ಬಿಡಿಭಾಗವನ್ನು ಕರೆಯಲು ಪ್ರತ್ಯೇಕ ಆಯ್ಕೆ ತಂತಿ ಇರುತ್ತದೆ. ಸೆನ್ಸರ್ ಅಳೆಯುವ ರೀತಿ ಎರಡರಲ್ಲಿಯೂ ಒಂದೇ. ಬದಲಾಗುವುದು ಮಾಹಿತಿ ಸಾಗುವ ಕ್ರಮ ಮಾತ್ರ.

ತಪ್ಪು ನಡೆಯುವ ಬಗೆ

ಒಬ್ಬ ಸಣ್ಣ ತಯಾರಕನು ಲಿನಕ್ಸ್ ನಡೆಯುವ ಪುಟ್ಟ ಗಣಕಕ್ಕೆ ಐ-ಟು-ಸಿ ಮೂಲಕ ಈ ಸೆನ್ಸರ್ ಜೋಡಿಸಿ, ನವಲಗುಂದದ ಗೋದಾಮುಗಳಿಗೆ ಪೆಟ್ಟಿಗೆ ಮಾರುತ್ತಿದ್ದಾನೆಂದು ಇಟ್ಟುಕೊಳ್ಳಬಹುದು. ಕುಂದಗೋಳದ ಗಿರಾಕಿಯೊಬ್ಬರು ಮೆಣಸಿನಕಾಯಿ ಒಣಗಿಸುವ ಕಪಾಟಿಗೆ ಮೂರು ಸೆನ್ಸರುಗಳಿರುವ ಪೆಟ್ಟಿಗೆ ಕೇಳುತ್ತಾರೆ. ಬಿಎಂಇ-280ಕ್ಕೆ ಐ-ಟು-ಸಿಯಲ್ಲಿ ದೊರೆಯುವುದು ಎರಡೇ ವಿಳಾಸ: ಹೆಕ್ಸ್ ಕ್ರಮದ 76 ಮತ್ತು 77. ಮೂರನೆಯದಕ್ಕೆ ಅದೇ ಜೋಡಿ ತಂತಿಯಲ್ಲಿ ಜಾಗವಿಲ್ಲ. ಎಸ್‌ಪಿಐ ಮಾರ್ಗ ಹಿಡಿಯುವುದೇ ನೇರವಾದ ಪರಿಹಾರ.

ಇಷ್ಟರಲ್ಲಿ ಮೊದಲಿನ ಎಂಜಿನಿಯರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದಾರೆ. ಅವರು ಬರೆದಿಟ್ಟ ವಿವರಣೆಯಲ್ಲಿ ವಿಳಾಸ 76 ಅಥವಾ 77 ಆಗಿರಲೇಬೇಕೆಂಬ ನಿಯಮವಿದೆ. ಎಸ್‌ಪಿಐಯಲ್ಲಿ ಆ ಜಾಗದಲ್ಲಿ ಬರಬೇಕಾದುದು 0, 1, 2 ಎಂಬ ಆಯ್ಕೆ ಸಂಖ್ಯೆ. ಸರಿಯಾದ ಜೋಡಣೆಯನ್ನೇ ಪರೀಕ್ಷೆ ತಪ್ಪೆಂದು ತಿರಸ್ಕರಿಸುತ್ತದೆ. ಹೊಸಬರು ಬೇಸತ್ತು ಅದೇ ಸೆನ್ಸರಿಗೆ ಇನ್ನೊಂದು ಹೆಸರು, ಇನ್ನೊಂದು ವಿವರಣೆ, ಇನ್ನೊಂದು ತಂತ್ರಾಂಶ ಬರೆಯುತ್ತಾರೆ. ಮುಂದೆ ಒಂದರಲ್ಲಿ ದೋಷ ತಿದ್ದಿದರೆ ಇನ್ನೊಂದರಲ್ಲಿ ಅದು ಹಾಗೆಯೇ ಉಳಿಯುತ್ತದೆ. ನವಲಗುಂದದ ಪೆಟ್ಟಿಗೆ ಆರ್ದ್ರತೆಯನ್ನು ಸರಿಯಾಗಿ ತೋರಿಸುತ್ತದೆ, ಕುಂದಗೋಳದ್ದು ತಪ್ಪಾಗಿ ತೋರಿಸುತ್ತದೆ. ಬೂಷ್ಟು ಹಿಡಿದ ಚೀಲಗಳ ನಷ್ಟ ಬೆಳೆಗಾರನದು, ಕೆಟ್ಟ ಹೆಸರು ತಯಾರಕನದು.

ಜಗತ್ತು ಕಂಡುಕೊಂಡ ಉಪಾಯ

ಈ ತೊಡಕು ಸಣ್ಣ ಉದ್ಯಮಗಳದು ಮಾತ್ರವಲ್ಲ. ಎಆರ್‌ಎಂ ಗಣಕಗಳ ಪ್ರತಿಯೊಂದು ಬೋರ್ಡಿನ ವಿವರವನ್ನೂ ಲಿನಕ್ಸ್ ತಂತ್ರಾಂಶದ ಒಳಗೇ ಬರೆಯುತ್ತಿದ್ದ ಪದ್ಧತಿಯ ಬಗ್ಗೆ 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರೇ ತೀವ್ರ ಅಸಮಾಧಾನ ವ್ಯಕ್ತಪಡಿಸಿದ್ದರು. ಆ ಬಳಿಕ ಯಂತ್ರಾಂಶದ ವಿವರವನ್ನು ತಂತ್ರಾಂಶದಿಂದ ಬೇರ್ಪಡಿಸಿ 'ಡಿವೈಸ್ ಟ್ರೀ' ಎಂಬ ಪ್ರತ್ಯೇಕ ಕಡತದಲ್ಲಿ ಬರೆಯುವ ಕ್ರಮ ವ್ಯಾಪಕವಾಯಿತು. ಆ ಕಡತದಲ್ಲಿ ಏನೇನು ಇರಬೇಕೆಂಬ ನಿಯಮಗಳು ಮೊದಲು ಸಾದಾ ಗದ್ಯದಲ್ಲಿದ್ದವು. 2019ರ ಸುಮಾರಿಗೆ ಅವುಗಳನ್ನು ಯಂತ್ರವೇ ಪರೀಕ್ಷಿಸಬಲ್ಲ ಸ್ಕೀಮಾ, ಅಂದರೆ ವಿವರಣಾ ನಮೂನೆಗಳನ್ನಾಗಿ ಬರೆಯುವ ಕಾರ್ಯ ಭರದಿಂದ ಸಾಗಿತು.

ಇದು ವ್ಯಾಪಾರಸ್ಥರಿಗೆ ಅಪರಿಚಿತವಾದ ವಿಷಯವಲ್ಲ. 2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟಿನವರಿಗೆ ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿ, 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದವರಿಗೂ ಅನ್ವಯಿಸಿತು. ಅದರ ಹಿಂದಿರುವುದೂ ಒಂದು ಸ್ಕೀಮಾ. ಕೆಲವು ಕಲಮುಗಳು ಎಲ್ಲರಿಗೂ ಕಡ್ಡಾಯ, ಕೆಲವು ಐಚ್ಛಿಕ, ಇನ್ನು ಕೆಲವು ಸಂದರ್ಭಕ್ಕೆ ತಕ್ಕಂತೆ ಕಡ್ಡಾಯ. ನಮೂನೆಗೆ ಹೊಂದದ ಬಿಲ್ಲನ್ನು ಪೋರ್ಟಲ್ ಅಲ್ಲಿಯೇ ತಿರಸ್ಕರಿಸುತ್ತದೆ. ಗಿರಾಕಿಯ ಕೈಗೆ ಹೋದ ಮೇಲೆ ತಪ್ಪು ಹುಡುಕುವುದಕ್ಕಿಂತ ಇದು ಲೇಸು.

ನಮೂನೆ ಬರೆಯುವಾಗ ಪಾಲಿಸಬೇಕಾದುದು

ಮೊದಲನೆಯದಾಗಿ, ಹೆಸರು ಬಿಡಿಭಾಗದ್ದಾಗಿರಬೇಕು, ಮಾರ್ಗದ್ದಲ್ಲ. ಲಿನಕ್ಸ್ ಕ್ರಮದಲ್ಲಿ ಬಿಎಂಇ-280ಕ್ಕೆ ಎರಡೂ ಮಾರ್ಗಗಳಲ್ಲಿ ಒಂದೇ ಹೆಸರಿದೆ; ಅದು ಯಾವ ಬಸ್ಸಿನ ಕೆಳಗೆ ನಮೂದಾಗಿದೆ ಎಂಬುದರಿಂದಲೇ ಮಾರ್ಗ ತಿಳಿಯುತ್ತದೆ.

ಎರಡನೆಯದಾಗಿ, ಎರಡೂ ಮಾರ್ಗಗಳಿಗೆ ಸಮಾನವಾದುದನ್ನು ಒಮ್ಮೆ ಮಾತ್ರ ಬರೆಯಬೇಕು. ಸೆನ್ಸರಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದು ಮಾರ್ಗವನ್ನು ಅವಲಂಬಿಸಿಲ್ಲ.

ಮೂರನೆಯದಾಗಿ, ಒಂದು ಮಾರ್ಗಕ್ಕೆ ಮೀಸಲಾದುದನ್ನು ಇನ್ನೊಂದರ ಮೇಲೆ ಹೇರಬಾರದು. ಎಸ್‌ಪಿಐಯಲ್ಲಿ ಈ ಸೆನ್ಸರಿನ ಗರಿಷ್ಠ ವೇಗ 10 ಮೆಗಾಹರ್ಟ್ಸ್. ಆ ಮಿತಿ ನಮೂನೆಯಲ್ಲಿ ಇರಲೇಬೇಕು. ಆದರೆ ವೇಗದ ಕಲಮನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಐ-ಟು-ಸಿ ಬಳಸುವವನು ವಿನಾಕಾರಣ ತಪ್ಪಿತಸ್ಥನಾಗುತ್ತಾನೆ. ರಾಜ್ಯದೊಳಗಿನ ಮಾರಾಟಕ್ಕೆ ಐಜಿಎಸ್‌ಟಿ ಕೇಳಿದಂತೆಯೇ ಅದು.

ನಾಲ್ಕನೆಯದಾಗಿ, ಇಂದಿನ ಉತ್ಪನ್ನದಲ್ಲಿ ಬಳಸಿರುವುದನ್ನಷ್ಟೇ ಅಲ್ಲ, ಬಿಡಿಭಾಗದಲ್ಲಿ ಇರುವುದನ್ನು ವಿವರಿಸಬೇಕು. ಮೇಲಿನ ತಯಾರಕನ ತಪ್ಪು ಇದೇ. ಅವನ ಎಂಜಿನಿಯರು ಬರೆದದ್ದು ಸೆನ್ಸರಿನ ವಿವರವಲ್ಲ, ತಮ್ಮ ಪೆಟ್ಟಿಗೆಯ ವಿವರ.

ಐದನೆಯದಾಗಿ, ಒಮ್ಮೆ ಬಳಕೆಗೆ ಬಂದ ನಮೂನೆಯ ಅರ್ಥವನ್ನು ಬದಲಿಸಬಾರದು. ಅದಕ್ಕೆ ಹೊಸದನ್ನು ಸೇರಿಸಬಹುದು. ಹಳೆಯ ಪೆಟ್ಟಿಗೆಗಳು ಗೋದಾಮುಗಳಲ್ಲಿ ಇನ್ನೂ ನಡೆಯುತ್ತಿರುತ್ತವೆ ಎಂಬುದನ್ನು ಮರೆಯಲಾಗದು.

ನಮೂನೆಯಿಂದ ಎಲ್ಲವೂ ಬಗೆಹರಿಯುತ್ತದೆಂದು ಭಾವಿಸುವುದೂ ತಪ್ಪಾದೀತು. ಈ ಸೆನ್ಸರಿನ ಆಯ್ಕೆ ತಂತಿ ಒಮ್ಮೆ ಕೆಳಮಟ್ಟದ ವೋಲ್ಟೇಜಿಗೆ ಇಳಿಯಿತೆಂದರೆ, ವಿದ್ಯುತ್ ನಿಲ್ಲಿಸಿ ಮತ್ತೆ ಕೊಡುವವರೆಗೆ ಅದು ಐ-ಟು-ಸಿ ಮಾರ್ಗವನ್ನು ಮುಚ್ಚಿಬಿಡುತ್ತದೆ. ಬೋರ್ಡಿನ ಮೇಲೆ ತಂತಿ ತಪ್ಪಾಗಿ ಜೋಡಿಸಿದ್ದರೆ ಯಾವ ನಮೂನೆಯೂ ಅದನ್ನು ಕಾಣಲಾರದು. ಖರ್ಚಿನ ವೋಚರ್ ಸರಿಯಾಗಿದ್ದ ಮಾತ್ರಕ್ಕೆ ಸರಕು ಗೋದಾಮಿಗೆ ಬಂದಿದೆ ಎಂದಾಗುವುದಿಲ್ಲವಷ್ಟೆ.

ಖರ್ಚಿನ ಪ್ರಶ್ನೆ

ವರ್ಷಕ್ಕೆ ಇನ್ನೂರು ಪೆಟ್ಟಿಗೆ ಮಾರುವವನಿಗೆ ಇದೆಲ್ಲ ಏಕೆ ಬೇಕೆಂಬ ಆಕ್ಷೇಪಣೆ ಬರುವುದು ಸಹಜ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಒಂದೇ ಬೋರ್ಡು, ಒಂದೇ ಗಿರಾಕಿ, ಒಂದೇ ಸಲದ ಕೆಲಸವಾಗಿದ್ದರೆ ಕಾಗದದ ಮೇಲಿನ ಒಂದು ಪುಟದ ವಿವರವೂ ಸಾಕಾದೀತು. ಲಿನಕ್ಸ್ ಬೇಡದ ಸಣ್ಣ ನಿಯಂತ್ರಕಗಳಿಗಾಗಿ 2016ರಲ್ಲಿ ಆರಂಭವಾದ ಜೆಫೈರ್ ವ್ಯವಸ್ಥೆಯಲ್ಲಿ ಕ್ರಮವೂ ತುಸು ಭಿನ್ನ: ಅಲ್ಲಿ ಮಾರ್ಗಕ್ಕೊಂದು ಕಡತವಿದೆ, ಆದರೆ ಬಿಡಿಭಾಗದ ಹೆಸರು ಒಂದೇ. ಕಡತ ಎಷ್ಟು ಎಂಬುದಕ್ಕಿಂತ ಹೆಸರು ಒಂದೇ ಎಂಬುದು ಮುಖ್ಯ.

ಇನ್ನು ಲೆಕ್ಕ ನೋಡಬಹುದು. ತಲಾ 400 ರೂ. ಬೆಲೆಯ 300 ಬೋರ್ಡುಗಳು ಒಂದೇ ಮಾರ್ಗಕ್ಕೆ ಸೀಮಿತವಾಗಿ ಉಳಿದುಹೋದರೆ 1,20,000 ರೂ. ದಾಸ್ತಾನು ಕಪಾಟಿನಲ್ಲಿ ಕೂರುತ್ತದೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಕೊಂಡ ವೆಚ್ಚ ಅಥವಾ ಮಾರಿ ಬರಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು, ಉಳಿದುದು ನಷ್ಟ. ಮಾರ್ಗಕ್ಕೊಂದು ತಂತ್ರಾಂಶ ಸಾಕುವ ಸಂಬಳ ಬೇರೆ. ಇದರ ಎದುರು ಒಂದು ನಮೂನೆ ಬರೆಯಲು ಬೇಕಾದುದು ತಿಳಿದವರ ಕೆಲವು ದಿನಗಳ ಶ್ರಮ. ಪರೀಕ್ಷಿಸುವ ಸಾಧನಗಳು ಉಚಿತವಾಗಿವೆ. ಬಿಎಂಇ-280 ಸೇರಿದಂತೆ ನೂರಾರು ಸೆನ್ಸರುಗಳ ನಮೂನೆಗಳು ಲಿನಕ್ಸ್‌ನೊಂದಿಗೆ ಮುಕ್ತವಾಗಿಯೇ ದೊರೆಯುತ್ತವೆ. ಅವುಗಳನ್ನು ಬಿಟ್ಟು ಹೊಸದು ಬರೆಯಲು ಹೊರಡುವುದೇ ದುಂದುವೆಚ್ಚ.

ಆಗಬೇಕಾದುದು

ಹುಬ್ಬಳ್ಳಿ-ಧಾರವಾಡದಲ್ಲಿ 2015ರಿಂದ ಐಐಐಟಿ, 2016ರಿಂದ ಐಐಟಿ ಇವೆ. ಎಂಜಿನಿಯರಿಂಗ್ ಕಾಲೇಜುಗಳಿಗೂ ಕೊರತೆಯಿಲ್ಲ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಸ್ಥಳೀಯ ಉದ್ಯಮಗಳು ಬಳಸುವ ಬಿಡಿಭಾಗಗಳ ನಮೂನೆ ಬರೆಯುವ, ಇರುವುದನ್ನು ಪರೀಕ್ಷಿಸುವ ಕೆಲಸ ಕೊಡಿಸಲು ವಾಣಿಜ್ಯೋದ್ಯಮ ಸಂಸ್ಥೆಗಳು ಮುಂದಾಗಬೇಕು. ಪೆಟ್ಟಿಗೆಯ ಕೆಲಸವನ್ನು ಹೊರಗಿನವರಿಂದ ಮಾಡಿಸುವ ಉದ್ಯಮಿಗಳು ಖರೀದಿ ಆದೇಶದಲ್ಲಿಯೇ ಒಂದು ಸಾಲು ಸೇರಿಸುವುದು ಒಳಿತು: ಪರೀಕ್ಷೆಯಲ್ಲಿ ತೇರ್ಗಡೆಯಾದ ವಿವರಣಾ ನಮೂನೆಯನ್ನು ಬೋರ್ಡಿನ ಜೊತೆಗೇ ಒಪ್ಪಿಸತಕ್ಕದ್ದು, ಬಾಕಿ ಹಣ ಆನಂತರ.

ಎಂಜಿನಿಯರನ ತಲೆಯಲ್ಲಿ ಮಾತ್ರ ಉಳಿದ ತಿಳಿವಳಿಕೆ ಆಸ್ತಿ-ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಸಾಲವಿದ್ದಂತೆ. ಆತ ರಾಜೀನಾಮೆ ಕೊಟ್ಟ ದಿನವೇ ಅದರ ವಾಯಿದೆ ಮುಗಿಯುತ್ತದೆ. ಆ ಸಾಲವನ್ನು ಮೊದಲೇ ತೀರಿಸಿಡುವುದು ಜಾಣತನ.