ಸಂಸಾರದ ಲೆಕ್ಕ: ಮೋಟಾರಿಗೂ ಒಂದು ಜಾತಕ

ಹಳೆಯ ಮೋಟಾರು ಮಾರುವುದು ಮಗಳ ಮದುವೆ ಮಾಡಿದಷ್ಟೇ ಕಷ್ಟದ ಕೆಲಸವೆಂದು ನಮ್ಮ ತೀರ್ಥರೂಪರು ಹೇಳುತ್ತಿದ್ದರು. ಅವರಂತೂ ತಮ್ಮ ಜೀವಮಾನದಲ್ಲಿ ಮೋಟಾರು ಮಾರಲೇ ಇಲ್ಲ; ಆ ಕಷ್ಟ ಕಳೆದ ವರ್ಷ ನನ್ನ ಪಾಲಿಗೆ ಬಂತು. ಅದರಿಂದ ಕಲಿತ ನಾಲ್ಕು ಮಾತು ಓದುಗ ಬಂಧುಗಳಿಗೂ ಉಪಯೋಗವಾದೀತೆಂದು ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ಧಾರವಾಡದಿಂದ ನೌಕರಿಗೆಂದು ಮುಂಬಯಿಗೆ ಬಂದ ತಂದೆಯವರು 1971ರಲ್ಲಿ ಕೊಂಡದ್ದು ಫಿಯಟ್ 1100 ಡಿಲೈಟ್. ಇಲ್ಲಿಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನೆಯಲ್ಲಿ ತಯಾರಾದ ಗಾಡಿ, 1089 ಸಿ.ಸಿ. ಎಂಜಿನು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ಇದರ ತಂಗಿಯೇ ಮುಂದೆ 'ಪದ್ಮಿನಿ' ಎಂಬ ಹೆಸರಿನಿಂದ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮನೆಮಾತಾದಳು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿಯಿತು. ಬೀದಿ ತುಂಬ ಓಡಾಡುವಾಗ ಯಾರೂ ತಿರುಗಿ ನೋಡದ ಗಾಡಿಯನ್ನು ಈಗ ಹುಡುಕಿಕೊಂಡು ಬರುವ ಸಂಗ್ರಾಹಕರಿದ್ದಾರೆ.

ನಮಗೆ ಮಾರುವ ಮನಸ್ಸಿರಲಿಲ್ಲ. ಆದರೆ ಕಟ್ಟಡ ಕೆಡವಿ ಹೊಸದು ಕಟ್ಟಿಸಲು ಸೊಸಾಯಿಟಿ ನಿಶ್ಚಯಿಸಿತು. ಬಾಡಿಗೆ ಮನೆಗೆ ಹೊರಟವರಿಗೆ ಗಾಡಿ ನಿಲ್ಲಿಸಲು ಜಾಗವೆಲ್ಲಿ? ಪುಣೆಯಲ್ಲಿರುವ ತಮ್ಮ ಆನ್‌ಲೈನ್ ಹರಾಜಿಗೆ ಹಾಕೋಣವೆಂದ.

ಈ ಹರಾಜಿನ ರೀತಿಯೇ ಬೇರೆ. ಸಂತೆಯಲ್ಲಾದರೆ ಕೊಳ್ಳುವವನು ಬಾಗಿಲು ಬಡಿದು ನೋಡುತ್ತಾನೆ, ಬಾನೆಟ್ಟು ಎತ್ತಿ ಮೂಸುತ್ತಾನೆ, ಒಂದು ಸುತ್ತು ಓಡಿಸುತ್ತಾನೆ. ಇಲ್ಲಿ ಅವನು ಸಾವಿರ ಮೈಲು ದೂರದಲ್ಲಿ ಕುಳಿತು ಚಿತ್ರ ನೋಡಿಯೇ ಬೆಲೆ ಕೂಗಬೇಕು. ಹೊಸ ಬಣ್ಣ ಬಳಿದ ಗಾಡಿ ಚಿತ್ರದಲ್ಲಿ ಯಾವಾಗಲೂ ಚೆಲುವೆಯೇ. ಆದ್ದರಿಂದ ತಿಳಿದವರು ಮೊದಲು ಕೇಳುವುದು ಕಾಗದಪತ್ರ: ಎಲ್ಲಿ, ಯಾವಾಗ, ಎಷ್ಟು ಓಡಿದ ಮೇಲೆ, ಏನು ರಿಪೇರಿ ಆಯಿತು?

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿತ್ತು. ತಂದೆಯವರದು ಕೆಂಪು ರಟ್ಟಿನ ಒಂದು ವಹಿ. ಆಯಿಲ್ ಬದಲಾಯಿಸಿದ್ದು, ಬ್ರೇಕಿಗೆ ಹೊಸ ಲೈನಿಂಗ್ ಹಾಕಿಸಿದ್ದು, ಪ್ರತಿ ಮೇ ತಿಂಗಳಲ್ಲಿ ಧಾರವಾಡಕ್ಕೆ ಹೋಗಿಬಂದದ್ದು ಎಲ್ಲವೂ ತಾರೀಖು, ಮೀಟರಿನ ಅಂಕಿಗಳ ಸಮೇತ ಅದರಲ್ಲಿದ್ದವು. ಗ್ಯಾರೇಜಿನ ಬಿಲ್ಲುಗಳನ್ನು ಅದೇ ಪುಟಕ್ಕೆ ಅಂಟಿಸಿದ್ದರು. ಎಣ್ಣೆ ತಾಗಿ ಹಳದಿಯಾದ ಆ ಚೀಟಿಗಳನ್ನು ನಾವು ರದ್ದಿಯವನಿಗೆ ಹಾಕದಿದ್ದುದು ದೈವಕೃಪೆ!

ಎರಡು ಕಡೆ ಮಾತ್ರ ತೊಡಕು ಬಂತು. ಗಾಡಿಯ ಮೀಟರಿನಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಪ್ರಾರಂಭ. ಮೀಟರು 38 ಸಾವಿರ ಕಿಲೋಮೀಟರು ಎನ್ನುತ್ತಿತ್ತು, ವಹಿ ಒಂದು ಲಕ್ಷದ 38 ಸಾವಿರ ಎನ್ನುತ್ತಿತ್ತು. ಇನ್ನೊಂದು, 1983ರ ಮಳೆಗಾಲದ ಪುಟ: ಘಾಟಿಯಲ್ಲಿ ಗಾಡಿ ಜಾರಿ ಕಟ್ಟೆಗೆ ಬಡಿದು, ಎಡಗಡೆಯ ಮಡ್‌ಗಾರ್ಡು ಬದಲಾಯಿಸಿದ ಲೆಕ್ಕ.

"ಅಣ್ಣಾ, ಆ ಹಾಳಿ ತಗದಬಿಡು. ಮೀಟರು ಇದ್ದಂಗ ಚಿತ್ರ ಹಾಕು. ನಾವೇನೂ ಸುಳ್ಳು ಹೇಳಿಧಂಗಾಗೂದಿಲ್ಲ" ಎಂದ ತಮ್ಮ. ನಿಜ ಹೇಳುತ್ತೇನೆ, ನನಗೂ ಆಸೆಯಾಗದೆ ಇರಲಿಲ್ಲ. ಬಾಡಿಗೆ ಮನೆಯ ಠೇವಣಿಗೆ ಆ ಹಣವನ್ನೇ ನೆಚ್ಚಿಕೊಂಡಿದ್ದೆವು.

ಜಪಮಾಲೆ ಹಿಡಿದು ಕುಳಿತಿದ್ದ ತಾಯಿಯವರು ತಲೆ ಎತ್ತಲಿಲ್ಲ. "ನಿಮ್ಮಪ್ಪ ಬರದದ್ದನ್ನ ಹರಿಯಾಕ ನೀವ್ಯಾರೋ?" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಎಲ್ಲ ಪುಟಗಳ ಚಿತ್ರ ತೆಗೆದು ತಾರೀಖಿನ ಕ್ರಮದಲ್ಲಿ ಜೋಡಿಸಿದೆವು. ಅವುಗಳ ಸಾರವನ್ನು ಒಂದೇ ಹಾಳೆಯಲ್ಲಿ ಬರೆದು ಮೇಲಿಟ್ಟೆವು. ತಂದೆಯವರ ಕಾಯಿಲೆಯಿಂದ 1996ರಿಂದ ಮೂರು ವರ್ಷ ಬರಹವಿಲ್ಲ, ಹಾಗೆಂದೇ ತಿಳಿಸಿದೆವು. ಚಾಸಿ ಮತ್ತು ಎಂಜಿನಿನ ಮೇಲಿನ ನಂಬರುಗಳ ಚಿತ್ರವನ್ನು ಆರ್.ಸಿ. ಪುಸ್ತಕದ ಪಕ್ಕದಲ್ಲಿಟ್ಟು ತಾಳೆ ತೋರಿಸಿದೆವು. ಮನೆಯ ವಿಳಾಸ, ಟೆಲಿಫೋನ್ ನಂಬರುಗಳನ್ನು ಮಾತ್ರ ಮುಚ್ಚಿದೆವು.

ಕೂಗಿದವರಲ್ಲಿ ಕೊಯಮತ್ತೂರಿನ ಒಬ್ಬರು 1983ರ ಬಿಲ್ಲನ್ನೇ ಹಿಡಿದು ಮೂರು ಪ್ರಶ್ನೆ ಕೇಳಿದರು. ಬಿಲ್ಲಿನಲ್ಲಿದ್ದುದನ್ನು ಹೇಳಿದೆವು, ಅದರಲ್ಲಿಲ್ಲದ್ದನ್ನು ಊಹಿಸಿ ಹೇಳಲಿಲ್ಲ. ಕಡೆಗೆ ಗಾಡಿ ಅವರದೇ ಆಯಿತು. ತಮ್ಮ ಕನಸು ಕಂಡಷ್ಟು ಬೆಲೆ ಬರಲಿಲ್ಲ. ನಾನು ಅಂಜಿದಷ್ಟು ಕಡಿಮೆಯೂ ಆಗಲಿಲ್ಲ. ಗಾಡಿ ಮುಟ್ಟಿದ ಮೇಲೆ ಅವರಿಂದ ತಕರಾರಿನ ಒಂದು ಮಾತೂ ಬರಲಿಲ್ಲ. ಈ ನೆಮ್ಮದಿಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೆ?

ಇನ್ನೊಂದು ಮಾತು. 50 ವರ್ಷ ದಾಟಿದ ಖಾಸಗಿ ವಾಹನಗಳಿಗಾಗಿ ಕೇಂದ್ರ ಸರಕಾರವು 2021ರ ಜುಲೈಯಲ್ಲಿ ನಿಯಮ ಮಾಡಿದೆ. ಚಾಸಿ, ಬಾಡಿ, ಎಂಜಿನುಗಳಲ್ಲಿ ಭಾರಿ ಮಾರ್ಪಾಟು ಆಗದೆ ಮೂಲ ರೂಪದಲ್ಲಿದ್ದರೆ 'ವಿಎ' ಅಕ್ಷರಗಳ ನಂಬರು ಪಡೆಯಬಹುದು. ಹಾಗೆ ನೋಂದಾಯಿಸಿದ ಗಾಡಿಯನ್ನು ಮಾರಿದಾಗ ಕೊಟ್ಟವರೂ ಕೊಂಡವರೂ 90 ದಿನಗಳೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಗಾಡಿ ಮೂಲ ರೂಪದಲ್ಲಿದೆ ಎನ್ನುವವರಿಗೆ ಹಳೆಯ ಬಿಲ್ಲುಗಳಿಗಿಂತ ಒಳ್ಳೆಯ ಸಾಕ್ಷಿ ಯಾವುದು?

ಗಾಡಿ ಒಯ್ಯುವ ದಿನ ಕೊಯಮತ್ತೂರಿನವರು ಮೂಲ ವಹಿಯನ್ನೂ ಕೇಳಿದರು. ತಾಯಿಯವರು ಕ್ಷಣಕಾಲ ಸುಮ್ಮನಿದ್ದು, ಅಂದಿನ ತಾರೀಖು ಮತ್ತು ಮೀಟರಿನ ಅಂಕಿ ಬರೆದು ಕೊಡುವಂತೆ ನನಗೆ ಹೇಳಿದರು. ಬರೆದು ಕೊಟ್ಟೆ. ಅದರ ನಕಲು ನಮ್ಮ ಕಪಾಟಿನಲ್ಲಿದೆ.

ನಿಮ್ಮ ಮನೆಯಲ್ಲಿರುವುದು ಹೊಸ ಕಾರಾಗಲಿ, ಹಳೆಯ ಸ್ಕೂಟರಾಗಲಿ, ಇಂದೇ ಒಂದು ವಹಿ ಹಾಕಿರಿ. ಖರ್ಚು ಅಲ್ಪ, ಮುಂದೆ ಮಕ್ಕಳಿಗೆ ಉಪಕಾರವಾದೀತು.